ಹಲ್ಲಿಗೆ ಸಿಗದ ಕಣ

ನಮ್ಮ ಕಾರ್ಖಾನೆಯಲ್ಲಿ ಕನ್ನಡಕದ ಗಾಜು ಉಜ್ಜುವ ಪುಡಿ ತಯಾರಾಗುತ್ತದೆ. ಕಲ್ಲನ್ನು ಅರೆದು, ಜರಡಿ ಹಿಡಿದು, ಆಮೇಲೆ ನೀರಿನ ಬಾನಿಗೆ ಹಾಕಿ ಕಲಕುತ್ತೇವೆ. ಜರಡಿಯ ಕಣ್ಣು ಎಷ್ಟು ಸಣ್ಣದಿದ್ದರೂ ಈ ಪುಡಿಗೆ ಸಾಲದು. ಅಲ್ಲಿಂದ ಮುಂದಿನ ಅಳತೆ ನೀರಿನದು. ದಪ್ಪ ಕಣ ಬೇಗ ತಳ ಸೇರುತ್ತದೆ, ಸಣ್ಣದು ತೇಲಾಡುತ್ತ ತಡಮಾಡುತ್ತದೆ. ಹೊತ್ತು ನೋಡಿ, ಮೇಲಿನ ಕದಡು ನೀರನ್ನಷ್ಟೇ ಬೇರೆ ಬಾನಿಗೆ ಬಗ್ಗಿಸಬೇಕು. ಆ ಕೆಲಸ ನನ್ನದು. ಎರಡಕ್ಷರ ಕಲಿಯುವಷ್ಟರಲ್ಲೇ ಶಾಲೆ ಬಿಟ್ಟವಳು ನಾನು. ಕಾಯುವುದೊಂದು ಚೆನ್ನಾಗಿ ಬರುತ್ತದೆ.

ಒಣಗಿದ ಪುಡಿಯನ್ನು ಕೊನೆಗೆ ಪರೀಕ್ಷೆ ಮಾಡುವವನು ನನ್ನ ತಮ್ಮ. ಒಂದು ಚಿಟಿಕೆ ತೆಗೆದು ಮುಂದಿನ ಹಲ್ಲುಗಳ ನಡುವೆ ಇಟ್ಟು ಮೆಲ್ಲಗೆ ಕಡಿಯುತ್ತಾನೆ, ಬಾಯಿ ಮುಕ್ಕಳಿಸಿ ಉಗಿಯುತ್ತಾನೆ. ಕರಕರ ಎಂದರೆ ಪುಡಿ ವಾಪಸ್ಸು. ಕಣ್ಣಿಗೆ, ಬೆರಳಿಗೆ ಸಿಗದ ಕಣ ಹಲ್ಲಿಗೆ ಸಿಗುತ್ತದೆ. ಅದಕ್ಕೇ ಎಲ್ಲರೂ ಅವನನ್ನು ಹಲ್ಲಪ್ಪ ಎನ್ನುವುದು. ಹಾಗೆ ಕರೆಸಿಕೊಳ್ಳುವಾಗ ಅವನ ಎದೆ ಒಂದಿಷ್ಟು ಮುಂದೆ ಬರುತ್ತಿತ್ತು.

ಆ ಹಲ್ಲುಗಳು ಈಗ ಅವನ ಬಾಯಲ್ಲಿಲ್ಲ. ಒಂದೊಂದೇ ಅಲ್ಲಾಡತೊಡಗಿ, ಡಾಕ್ಟರು ಎಲ್ಲವನ್ನೂ ಕಿತ್ತು ಕಟ್ಟಿಸಿದ ಹಲ್ಲು ಕೂರಿಸಿದ್ದರು. ಜ್ವರವೆಂದು ಹೇಳಿ ರಜೆ ಹಾಕಿದ್ದ. ಯಾರಿಗೂ ಅನುಮಾನ ಬಾರದಿರಲೆಂದು ಹೊಸ ಹಲ್ಲೂ ಸ್ವಲ್ಪ ಹಳದಿಯಾಗಿಯೇ ಇರಲಿ ಎಂದು ಕೇಳಿ ಮಾಡಿಸಿಕೊಂಡಿದ್ದ.

"ಅಕ್ಕಾ, ಯಾರ ಹತ್ರಾನೂ ಹೇಳ್ಬೇಡ. ರೂಢಿ ಆದ್ಮೇಲೆ ಗೊತ್ತಾಗುತ್ತೆ."

ಗೊತ್ತಾಗಲಿಲ್ಲ. "ಬೇರೆಯವರ ಬಾಯಲ್ಲಿ ಕಡಿದ ಹಾಗಿರುತ್ತೆ ಅಕ್ಕಾ" ಎಂದು ಒಂದು ದಿನ ಅಂದ. ಆದರೂ ಚಿಟಿಕೆ ಇಡುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ತಲೆಯಾಡಿಸಿ ನುಣ್ಣಗಿದೆ ಎನ್ನುತ್ತಿದ್ದ. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಹೀಗಿರುವಾಗ ಗಾಜಿನ ಅಂಗಡಿಯವರು ಒಂದು ಡಬ್ಬ ಪುಡಿ ವಾಪಸ್ಸು ಕಳಿಸಿದರು. ಜೊತೆಗೆ ಗೀರು ಬಿದ್ದ ಗಾಜುಗಳು. ಯಜಮಾನರು ಡಬ್ಬ ಹಿಡಿದು ನೇರವಾಗಿ ಬಾನಿಗಳ ಕೋಣೆಗೆ ಬಂದರು. ಕೆಲಸದವರೂ ಅವರ ಬೆನ್ನಿಗೇ ಬಂದರು.

"ಏನಮ್ಮಾ, ಹೊತ್ತಿಗೆ ಮುಂಚೆ ಬಗ್ಗಿಸಿದ್ರಾ?"

"ಇಲ್ಲ ಯಜಮಾನ್ರೇ. ಎಂದಿನ ಹಾಗೇ ಕಾದೆ."

"ಮತ್ತೆ ಈ ದಪ್ಪ ಕಣ ರೆಕ್ಕೆ ಕಟ್ಕೊಂಡು ಬಂತಾ?"

ತಮ್ಮ ಬಾಗಿಲಲ್ಲಿ ನಿಂತಿದ್ದ. ನಾನು ಅವನ ಮುಖ ನೋಡಿದೆ. ಅವನು ತನ್ನ ಚಪ್ಪಲಿ ನೋಡಿಕೊಂಡ.

"ಅಕ್ಕಂಗೂ ವಯಸ್ಸಾಯ್ತು," ಎಂದ. "ಕೈ ನಡುಗಿರ್ಬೇಕು. ನಾನು ಕಡಿದಿದ್ದು ಡಬ್ಬದ ಮೇಲ್ಗಡೆ ಪುಡಿ, ಅದು ಚೆನ್ನಾಗೇ ಇತ್ತು."

ನನ್ನ ಕೈ ನಡುಗುವುದಿಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದವನು ಎಲ್ಲರೆದುರು ಹೀಗಂದಾಗ, ಸುಳ್ಳು ಹೇಳಿದವನು ಅವನಾದರೂ ನಾಚಿಕೆಯಾದದ್ದು ನನಗೆ.

"ನಾಳೆಯಿಂದ ಚೀಲ ಹೊಲಿಯೋ ಕಡೆ ಕೂತ್ಕೊಳ್ಳಿ," ಎಂದರು ಯಜಮಾನರು.

ಅಷ್ಟರಲ್ಲಿ ಅವರ ಸೊಸೆ ಬಂದಳು. ಹೊಸದಾಗಿ ತರಿಸಿದ ಸೂಕ್ಷ್ಮದರ್ಶಕದಲ್ಲಿ ಕಣಗಳ ಉದ್ದ ಅಗಲ ಅಳೆಯುವುದು, ಆಕಾರ ಗುರುತಿಸುವುದು ಅವಳ ಕೆಲಸ. ವಾಪಸ್ಸು ಬಂದ ಪುಡಿಯನ್ನು ಆಗಲೇ ನೋಡಿದ್ದಳು.

"ಮಾವ, ತಪ್ಪು ಬಾನೀದಲ್ಲ. ಇವು ಉಂಡೆ ಕಣ ಅಲ್ಲ, ಚಕ್ಕೆ. ಈ ಸಲ ತರಿಸಿದ ಹೊಸ ಕಲ್ಲು ಹೀಗೇ ಒಡೆಯುತ್ತೆ. ಅಗಲ ತುಂಬ ಇದೆ, ಆದ್ರೆ ಕಾಗದದ ಹಾಗೆ ತೆಳು. ಎಲೆ ಓಲಾಡ್ಕೊಂಡು ಇಳಿಯುತ್ತಲ್ಲ, ನೀರಲ್ಲಿ ಹಾಗೇ ನಿಧಾನಕ್ಕೆ ಇಳಿಯುತ್ತೆ. ಎಷ್ಟು ಕಾದ್ರೂ ಸಣ್ಣ ಪುಡಿ ಜೊತೆ ಬಂದ್ಬಿಡುತ್ತೆ."

"ಹಾಗಾದ್ರೆ ಹಲ್ಲಿಗಾದ್ರೂ ಸಿಗ್ಬೇಕಿತ್ತಲ್ಲ?"

ಎಲ್ಲರೂ ಹಲ್ಲಪ್ಪನ ಕಡೆ ತಿರುಗಿದರು. ಆಗ ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ, ಆಯಿತು.

ಸೊಸೆ ನಮಗೆ ಬೆನ್ನು ಮಾಡಿ ಎರಡು ಬಟ್ಟಲಿಗೆ ಪುಡಿ ಹಾಕಿದಳು. ಒಂದಕ್ಕೆ ಒಳ್ಳೆಯದು, ಇನ್ನೊಂದಕ್ಕೆ ವಾಪಸ್ಸು ಬಂದದ್ದು. ನಾನಿದ್ದ ಮೂಲೆಯಿಂದ ಅವಳ ಕೈ ಕಾಣುತ್ತಿತ್ತು. ಚಕ್ಕೆ ಇದ್ದದ್ದು ಕಿಟಕಿಯ ಕಡೆಯ ಬಟ್ಟಲಿನಲ್ಲಿ.

"ಮಾವ, ಸುಮ್ನೆ ಹಲ್ಲಪ್ಪನವ್ರ ಮೇಲೆ ತಪ್ಪು ಹಾಕೋದೂ ಬೇಡ. ಯಾವ್ದು ಕರಕರ, ಹೇಳ್ಲಿ."

ತಮ್ಮ ಒಂದನ್ನು ಕಡಿದ, ಉಗಿದ. ಇನ್ನೊಂದನ್ನು ಕಡಿದ. ಮತ್ತೆ ಮೊದಲಿನದು.

"ಏನ್ ಹಲ್ಲಪ್ಪಾ, ಮದುವೆ ಊಟಕ್ಕೆ ಕೂತ್ಯಾ? ಬೇಗ ಅಗಿ," ಎಂದ ಮೂಟೆ ಹೊರುವವನು. ಉಳಿದವರು ನಕ್ಕರು.

ತಮ್ಮ ನಗಲಿಲ್ಲ. ನನ್ನ ಕಡೆ ನೋಡಿದ. ಚಿಕ್ಕವನಿದ್ದಾಗ ಅಪ್ಪ ಮಗ್ಗಿ ಕೇಳಿದರೆ ಹೀಗೇ ನೋಡುತ್ತಿದ್ದ. ನಾನು ಬೆರಳು ಮಡಿಸಿ ತೋರಿಸುತ್ತಿದ್ದೆ. ಈಗ ಗಲ್ಲವನ್ನು ಕಿಟಕಿಯ ಕಡೆ ಒಂದಿಷ್ಟು ಎತ್ತಿದ್ದರೆ ಸಾಕಿತ್ತು. ನಾನು ಬಾನಿಯೊಳಗಿನ ನೀರು ನೋಡುತ್ತ ನಿಂತೆ.

ಅವನು ಬಾಯಿಗೆ ಕೈ ಹಾಕಿ ಹಲ್ಲಿನ ಕಟ್ಟನ್ನು ತೆಗೆದು ಬಟ್ಟಲುಗಳ ನಡುವೆ ಇಟ್ಟ. ಕೆನ್ನೆಗಳು ಒಳಗೆ ಕುಸಿದು, ಒಮ್ಮೆಗೇ ನಮ್ಮ ಅಪ್ಪನ ಕೊನೆಗಾಲದ ಮುಖವಾಯಿತು.

"ಯಾವ್ದೂ ತಿಳೀತಿಲ್ಲ ಯಜಮಾನ್ರೇ," ಎಂದ. ಮಾತಿನ ಜೊತೆ ಗಾಳಿಯೂ ಬರುತ್ತಿತ್ತು. "ತುಂಬ ದಿನ ಆಯ್ತು. ಅಕ್ಕನ ಕೈ ನಡುಗಿಲ್ಲ."

ಮೂಟೆ ಹೊರುವವನು ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. ಯಜಮಾನರು ಗೋಡೆಯ ಕಡೆ ತಿರುಗಿ, "ಮುಂಚೇನೇ ಹೇಳೋದಲ್ವೇನಯ್ಯಾ," ಎಂದರು. ಆಮೇಲೆ ಯಾರ ಮುಖವನ್ನೂ ನೋಡದೆ, ನಾನು ಬಾನಿಯ ಕೆಲಸದಲ್ಲೇ ಇರಬೇಕು, ಅವನು ಚೀಲ ಹೊಲಿಯಬೇಕು ಎಂದು ಹೇಳಿ ಹೊರಟುಹೋದರು.

ಹಲ್ಲಿನ ಕಟ್ಟಿನ ತುಂಬ ಪುಡಿ ಮೆತ್ತಿಕೊಂಡಿತ್ತು. ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ತಮ್ಮ ಮೂಲೆಯ ನಲ್ಲಿಗೆ ಹೋದ, ಗೋಡೆಗೆ ಮುಖ ಮಾಡಿ ತೊಳೆಯತೊಡಗಿದ. ನಾನು ಅವನ ಬೆನ್ನಿಗೆ ಮರೆಯಾಗಿ ನಿಂತೆ. ಜನ ಒಬ್ಬೊಬ್ಬರಾಗಿ ಹೊರಗೆ ಹೋದರು. ಸೊಸೆಯೂ ಬಟ್ಟಲುಗಳನ್ನು ಎತ್ತಿಕೊಂಡು ಹೋದಳು.

"ಎಲ್ಲ ಹೋದ್ರಾ ಅಕ್ಕಾ?"

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವನು ತಿರುಗಿದರೆ ಮೊದಲು ಕಾಣುವುದು ನನ್ನ ಮುಖ.

"ಇನ್ನೂ ಇದ್ದಾರೆ ಕಣೋ," ಎಂದೆ. "ತಿರುಗ್ಬೇಡ. ನಿಧಾನವಾಗಿ ತೊಳ್ಕೋ."