ನಿಂತಲ್ಲೇ ಈಜುವವು

"ಎರಡೂ ಕಣ್ಣು ಮುಚ್ಕೊಂಡ್ರೆ ಏನು ಕಾಣತ್ತೆ? ಒಂದಾದ್ರೂ ತೆರೀರಿ," ಎಂದರು ಡಾಕ್ಟರಮ್ಮ.

ಬಸ್ ಡ್ರೈವರ್ ಒಂದು ಕಣ್ಣು ತೆರೆದು ಮೈಕ್ರೋಸ್ಕೋಪಿಗೆ ಒತ್ತಿದ. ಮೊದಲು ತನ್ನದೇ ರೆಪ್ಪೆಗೂದಲು ಕಂಡಿತು. ಆಮೇಲೆ ಬೆಳಕು. ಬೆಳಕಿನ ತುಂಬ ಜನಜಾತ್ರೆ.

ಮದುವೆಯಾದ ಹೊಸದರಲ್ಲಿ ಮಾಡಿಸಿದ ರಿಪೋರ್ಟಿನಲ್ಲಿ ಅವನ ವೀರ್ಯಾಣುಗಳ ಎಣಿಕೆ ಚೆನ್ನಾಗಿದೆ ಎಂದಿತ್ತು. ಅಷ್ಟೇ ಸಾಕಾಗಿತ್ತು. ಡಿಪೋದಲ್ಲಿ ಮೀಸೆ ತಿರುವಿಕೊಂಡು ಹೇಳಿದ್ದ. ಅಲ್ಲಿಂದಾಚೆ ಮಕ್ಕಳಾಗದ್ದಕ್ಕೆ ಸೂಜಿ, ಸ್ಕ್ಯಾನು, ಮಾತ್ರೆ ಎಲ್ಲ ಹೆಂಡತಿಗೇ. ಈ ಸಲವೂ ಡಾಕ್ಟರು ಕೈಚೆಲ್ಲಿದರೆ ಸೊಸೆ ಆಸ್ಪತ್ರೆಯಿಂದಲೇ ತವರಿಗೆ ಎಂದು ಅವನ ತಾಯಿ ಬೆಳಿಗ್ಗೆ ಹೇಳಿದ್ದಳು. ಡ್ರೈವರ್ ಬೂಟಿನ ಲೇಸು ಕಟ್ಟುತ್ತ ಕೇಳಿಸಿಕೊಂಡಿದ್ದ. ಬೇಡ ಎಂದಿರಲಿಲ್ಲ. ಹೆಂಡತಿ ಬಟ್ಟೆ ತುಂಬಿದ ಚೀಲ ಹಿಡಿದೇ ಬಂದಿದ್ದಳು. ತಾಯಿ ಈಗ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

"ಇಷ್ಟೊಂದಾ?" ಎಂದ ಡ್ರೈವರ್. "ಎಲ್ಲಕ್ಕೂ ಜೀವ ಇದ್ಯಾ?"

"ಇಲ್ದೆ ಏನು? ಬಾಲ ನೋಡಿ."

ಬಾಲಗಳು ಚಾಟಿಯಂತೆ ಬೀಸುತ್ತಿದ್ದವು. ಆದರೆ ಮುಂದೆ ಹೋಗುವುದು ಒಂದೂ ಇಲ್ಲ. ತಲೆಗೆ ತಲೆ, ಬಾಲಕ್ಕೆ ಬಾಲ ಅಂಟಿಕೊಂಡು, ಗೊಂಚಲು ಗೊಂಚಲಾಗಿ ನಿಂತಲ್ಲೇ ನಡುಗುತ್ತಿದ್ದವು.

"ಇಂಜಿನ್ ಓಡ್ತಿದೆ, ಗಾಡಿ ಕೆಸರಲ್ಲಿ ಹೂತಿದೆ," ಎಂದ.

"ಆ ಕೆಸರೂ ನಿಮ್ದೇ. ರೋಗ ಬಂದ್ರೆ ಹಿಡಿಯೋಕೆ ಮೈಯಲ್ಲಿ ಪ್ರತಿಕಾಯ ಅಂತ ಇರ್ತವೆ. ಅವೇ ಇವನ್ನ ಹಿಡ್ಕೊಂಡಿವೆ."

"ನನ್ನ ಮೈಗೆ ಇವು ನನ್ನವೇ ಅಂತ ಗೊತ್ತಾಗಲ್ವಾ?"

"ತನ್ನವರು ಯಾರು ಅನ್ನೋದನ್ನ ಮೈ ಕೂಸಾಗಿದ್ದಾಗಲೇ ಕಲ್ತುಬಿಡತ್ತೆ. ಇವು ಹುಟ್ಟೋದು ಮೀಸೆ ಬರೋ ವಯಸ್ಸಲ್ಲಿ. ಅದರ ಲೆಕ್ಕಕ್ಕೆ ಇವು ಹೊರಗಿನವು. ಅದಕ್ಕೇ ಇವುಗಳ ಸುತ್ತ ಒಂದು ಗೋಡೆ ಇರತ್ತೆ. ಗೋಡೆ ಬಿರುಕು ಬಿಟ್ರೆ ಹೀಗಾಗಬಹುದು. ಯಾವಾಗಾದ್ರೂ ಅಲ್ಲಿಗೆ ಏಟು ಬಿದ್ದಿತ್ತಾ?"

"ಕ್ಲೀನರ್ ಆಗಿದ್ದಾಗ ಬಸ್ಸಿನ ಟಾಪಿಂದ ಜಾರಿ ಏಣಿ ಮೇಲೆ ಸವಾರಿ ಕೂತಿದ್ದೆ. ಕಾಲು ಅಗಲಿಸ್ಕೊಂಡು ನಡೆಯೋದು ನೋಡಿ ಎಲ್ಲ ಬಾತುಕೋಳಿ ಅಂತಿದ್ರು."

"ಅದೇ ಕಾರಣ ಅಂತ ಹೇಳಕ್ಕಾಗಲ್ಲ. ಇದ್ರೂ ಇರಬಹುದು."

ಗೋಡೆಗೊರಗಿ ನಿಂತಿದ್ದ ಹೆಂಡತಿ ಮೊದಲ ಸಲ ಬಾಯಿ ತೆರೆದಳು. "ಹಾಗಾದ್ರೆ ನನ್ನಲ್ಲಿ?"

"ನಿಮ್ಮಲ್ಲಿ ಏನೂ ಇಲ್ಲಮ್ಮ. ಇವು ನಿಮ್ಮ ಅಂಡದ ತನಕ ಬರೋದೇ ಕಷ್ಟ, ಬಂದ್ರೂ ಒಳಗೆ ನುಗ್ಗೋದು ಕಷ್ಟ. ಒಂದನ್ನ ನಾವೇ ಸೂಜೀಲಿ ಎತ್ತಿ ಅಂಡದೊಳಗೆ ಇಡಬಹುದು. ಆಗೇ ಆಗತ್ತೆ ಅಂತ ಮಾತು ಕೊಡಲ್ಲ. ದಾರಿ ಇದೆ."

ಬಾಗಿಲು ತಳ್ಳಿಕೊಂಡು ತಾಯಿ ಬಂದಳು. "ಎಷ್ಟೊತ್ತೋ? ಏನಂತೆ ಇವಳ ಸಮಾಚಾರ?"

ಹೆಂಡತಿ ಗಂಡನ ಮುಖವನ್ನೇ ನೋಡಿದಳು. ಡ್ರೈವರ್ ಸ್ಟೂಲಿನಿಂದ ಎದ್ದ.

"ಇವಳದ್ದಲ್ಲಮ್ಮ. ನಂದು."

"ಯಾರೋ ಹೇಳಿದ್ದು? ರಿಪೋರ್ಟಲ್ಲಿ ಚೆನ್ನಾಗಿದೆ ಅಂತ ಇತ್ತಲ್ಲೋ!"

"ಎಣಿಕೆ ಚೆನ್ನಾಗಿದೆ. ಬಾ, ನೀನೇ ನೋಡು."

ತಾಯಿ ಕನ್ನಡಕ ತೆಗೆದು ಮಗನ ಕೈಗೆ ಕೊಟ್ಟು ಕೂತಳು. ಬಗ್ಗಿ ಕಣ್ಣಿಟ್ಟಳು.

"ಇವೆಲ್ಲ ನಿನ್ನವಾ?"

"ಹ್ಞೂಂ."

"ಅಯ್ಯೋ, ಎಷ್ಟು ಒದ್ದಾಡ್ತಿವೆಯೋ!" "ನೀನೂ ಒಂದು ಕಾಲಕ್ಕೆ ಇಷ್ಟೇ ಇದ್ಯೇನೋ?"

"ಅರ್ಧ ಇಂಥದ್ದೊಂದರಲ್ಲಿ ಇತ್ತು," ಎಂದು ಡಾಕ್ಟರಮ್ಮ ನಕ್ಕರು. "ಇನ್ನರ್ಧ ನಿಮ್ಮ ಹತ್ರ ಇತ್ತು."

"ಶ್! ಮೆಲ್ಲಗೆ," ಎಂದಳು ತಾಯಿ, ಒಳಗಿದ್ದವು ಬೆಚ್ಚಿಬೀಳುತ್ತವೆ ಎಂಬಂತೆ. ಕಣ್ಣು ತೆಗೆಯದೆಯೇ ಸ್ಟೂಲಿನ ಮೇಲೆ ಸರಿದು, ಖಾಲಿಯಾದ ಅರ್ಧವನ್ನು ಅಂಗೈಯಿಂದ ತಟ್ಟಿದಳು. "ಬಾರೇ, ಇಲ್ಲಿ ಕೂತ್ಕೋ. ನೋಡು ಬಾ."

ಸೊಸೆ ತಕ್ಷಣ ಕದಲಲಿಲ್ಲ. ಆಮೇಲೆ ಹತ್ತಿರ ಬಂದಳು. ಕೂರಲಿಲ್ಲ. ಅತ್ತೆಯ ನರೆತ ತಲೆಯ ಪಕ್ಕಕ್ಕೆ ತನ್ನ ತಲೆ ಬಗ್ಗಿಸಿ, ಅವಳು ನೋಡಿ ಮುಗಿಸುವುದನ್ನು ಕಾಯುತ್ತ ನಿಂತಳು.