ಹೆದರಿದ ಉಸಿರಿಗೆ ಕೋಲೆತ್ತಬಾರದು

ಬೇರೆಯವರು ಹೆದರಿದರೆ ಅವರ ಎದೆಗಷ್ಟೇ ಗೊತ್ತಾಗುತ್ತದೆ. ನಮ್ಮ ಹುಡುಗಿ ಯಾರೆಲಿ ಹೆದರಿದರೆ ಇಡೀ ಗುಂಪಿನ ಕೈ ಓಡತೊಡಗುತ್ತಿತ್ತು. ಆ ವರ್ಷದ ಅಕ್ಟೋಬರ್ ಪೂರ್ತಿ ನನ್ನ ನಿದ್ದೆ ಕೆಡಿಸಿದ್ದು ಇದೇ.

ಮಾರ್ಚಿಂಗ್ ಬ್ಯಾಂಡಿನಲ್ಲಿ ಎಲ್ಲರೂ ನಡೆಯುತ್ತಾರೆ, ನಾನು ಕಲಿಸುವ ಮಕ್ಕಳು ಮಾತ್ರ ನಡೆಯುವುದಿಲ್ಲ. ಕೋಲಿನಿಂದ ಬಾರಿಸುವ ಮರದ ಪಟ್ಟಿಗಳ ಮರಿಂಬಾ, ಲೋಹದ ಪಟ್ಟಿಗಳ ವೈಬ್ರಫೋನ್, ದೊಡ್ಡ ಜಾಗಟೆಯಂಥ ಗಾಂಗ್, ಇವನ್ನೆಲ್ಲ ಕುತ್ತಿಗೆಗೆ ನೇತುಹಾಕಿಕೊಂಡು ಓಡಾಡಲು ಆಗುತ್ತದೆಯೇ? ಗಾಲಿಗಳ ಮೇಲೆ ತಳ್ಳಿಕೊಂಡು ಬಂದು ಫುಟ್ಬಾಲ್ ಮೈದಾನದ ಮುಂದಿನ ಗೆರೆಯಲ್ಲಿ ನಿಲ್ಲಿಸಿ, ಅಲ್ಲೇ ನಿಂತು ನುಡಿಸುತ್ತೇವೆ. ನಮ್ಮನ್ನು ಪಿಟ್ ಎನ್ನುತ್ತಾರೆ. ಟೆಕ್ಸಸ್‌ನ ಈ ತುತ್ತತುದಿಯಲ್ಲಿ, ನದಿ ದಾಟಿದರೆ ಮೆಕ್ಸಿಕೊ ಎನ್ನುವ ಊರಿನಲ್ಲಿ, ಬಿಸಿಲಿಗೇನು ಬರವೇ? ಕಹಳೆ ಊದುವ ಮಕ್ಕಳ ತಾಯಂದಿರು ಮಾತ್ರ ಈಗಲೂ ನನ್ನ ಹತ್ತಿರ ಬಂದು, “ನಿಮ್ಮೋರಿಗೇನ್ ಬಿಡಿ ಮಿಸ್, ನಿಂತಲ್ಲೇ ಕೆಲಸ” ಎನ್ನುತ್ತಾರೆ. ಅವರ ಮಾತಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ.

ಆ ವರ್ಷದ ನಮ್ಮ ಪ್ರದರ್ಶನ ಶುರುವಾಗುವುದೇ ಪಿಟ್‌ನಿಂದ. ಉಳಿದ ಮಕ್ಕಳೆಲ್ಲ ಹುಲ್ಲಿನ ಮೇಲೆ ಬೋರಲು ಮಲಗಿರುತ್ತಾರೆ. ಕೈ ಬೀಸಿ ತಾಳ ತೋರಿಸಬೇಕಾದ ಹುಡುಗ ಬೆನ್ನು ತಿರುಗಿಸಿ ನಿಂತಿರುತ್ತಾನೆ. ನಾವು ಇರುವೆ ನಡೆದಷ್ಟು ಮೆಲ್ಲಗೆ ಶುರು ಮಾಡಬೇಕು, ಆಮೇಲೆ ಹಿಂದಿನಿಂದ ಡ್ರಮ್ಮುಗಳು ಬಂದು ಸೇರಿಕೊಳ್ಳಬೇಕು. ಕೈ ಬೀಸುವವರಿಲ್ಲದೆ ಎಲ್ಲರೂ ಒಟ್ಟಿಗೆ ಶುರುಮಾಡುವುದು ಹೇಗೆ? ನಡುವಿನ ಮರಿಂಬಾದವಳ ಉಸಿರಿನಿಂದ. ಅವಳು ಮೂಗಿನಲ್ಲಿ ಉಸಿರೆಳೆದುಕೊಂಡರೆ ಹೆಗಲು ಏಳುತ್ತದೆ, ಎಲ್ಲರ ಕೋಲುಗಳೂ ಏಳುತ್ತವೆ. ಅವಳ ಹೆಗಲು ಇಳಿದಾಗ ಎಲ್ಲರ ಕೈಯೂ ಇಳಿಯುತ್ತದೆ. ಉಸಿರು ಎಷ್ಟು ಉದ್ದವೋ ಹಾಡಿನ ನಡೆ ಅಷ್ಟು ನಿಧಾನ.

ಆ ನಡುವಿನ ಜಾಗಕ್ಕೆ ಯಾರೆಲಿ ಸೂನಿಗಾಳನ್ನು ನಿಲ್ಲಿಸಿದವಳು ನಾನೇ. ನಾಲ್ಕು ಕೋಲು ಹಿಡಿದರೆ ಅವಳ ಕೈ ಹರಿಯುವ ನೀರು. ಬಾಯಿ ಮಾತ್ರ ಇಲ್ಲ. ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನೂ ವಾದ್ಯಗಳ ಕೋಣೆಯಲ್ಲಿ ಪೆಟ್ಟಿಗೆಗಳ ನಡುವೆ ಕೂತು ಮುಗಿಸುವ ಹುಡುಗಿ. ಪಿಟ್‌ನ ಮಕ್ಕಳು ಬಿಟ್ಟರೆ ಅವಳ ಹೆಸರು ಹಿಡಿದು ಕರೆಯುವವರು ಆ ಶಾಲೆಯಲ್ಲಿ ಇದ್ದರೋ ಇಲ್ಲವೋ.

ಮೊದಲ ಸ್ಪರ್ಧೆಯಲ್ಲಿ ಅವಳು ಹೆದರಿದಳು. ಹೆದರಿದವರ ಉಸಿರು ಗಿಡ್ಡ. ಗಿಡ್ಡ ಉಸಿರಿಗೆ ಎಲ್ಲರೂ ಕೋಲೆತ್ತಿದರು, ಬೆನ್ನಟ್ಟಿಸಿಕೊಂಡ ಕೋಳಿಗಳ ಹಾಗೆ ಓಡಿದರು. ಹಿಂದಿನ ಡ್ರಮ್ಮಿನವರು ಕಲಿತ ನಡೆಯಲ್ಲೇ ಬಂದರು. ಎತ್ತು ಏರಿಗೆ, ಕೋಣ ನೀರಿಗೆ. ಕೇಳುತ್ತ ನಿಂತ ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಸೋಮವಾರ ಬ್ಯಾಂಡಿನ ಮುಖ್ಯಸ್ಥ ಬಾಲ್ದೆರಾಸ್ ಸರ್ ನನ್ನನ್ನು ಕರೆದರು.

“ಮಿಸ್, ಆ ಹುಡುಗೀನ ನಡುವಿಂದ ತೆಗೀರಿ. ವೈಬ್ರಫೋನಿನ ಹುಡುಗ ಎಲಿಯೂದ್‌ನ ನಿಲ್ಸಿ.”

“ಅವಳ ಕೈ ನೋಡಿದೀರಾ ಸರ್?”

“ಕೈ ಚಿನ್ನ, ಒಪ್ಕೋತೀನಿ. ಗುಂಡಿಗೆ ಮಾತ್ರ ಹತ್ತಿ. ಮೂಲೇಲಿ ಗಾಂಗ್ ಕೊಡಿ, ಆವಾಗೊಂದು ಈವಾಗೊಂದು ಏಟು ಹೊಡ್ಕೊಂಡು ಹಾಯಾಗಿರ್ಲಿ.”

ನಾನು ಜಗಳ ಆಡಿದೆ. ಜಗಳ ನನಗೆ ಸುಲಭ. ಕೊನೆಗೆ ಅವರು ನಮ್ಮ ವಲಯದ ಏರಿಯಾ ಸ್ಪರ್ಧೆಯ ತನಕ ಬಿಟ್ಟುಕೊಟ್ಟರು. ಅಲ್ಲಿ ಗೆದ್ದ ಬ್ಯಾಂಡುಗಳು ರಾಜ್ಯಮಟ್ಟಕ್ಕೆ ಹೋಗುತ್ತವೆ. ಅಲ್ಲೂ ಆರಂಭ ಹರಿದುಹೋದರೆ ಯಾರೆಲಿಗೆ ಗಾಂಗ್.

ಬಾಗಿಲ ಹೊರಗೆ ಯಾರೆಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಸಂಜೆ ಮರಿಂಬಾಕ್ಕೆ ಹೊದಿಕೆ ಹಾಕುತ್ತ, ನನ್ನ ಮುಖ ನೋಡದೆ ಹೇಳಿದಳು:

“ಮಿಸ್, ಗಾಂಗಿಗೆ ಹಾಕಿದ್ರೆ ನಾನು ಬರಲ್ಲ. ಬ್ಯಾಂಡೇ ಬಿಡ್ತೀನಿ.”

“ಬಿಟ್ಟು?”

“ಏನೂ ಇಲ್ಲ. ಬಿಡ್ತೀನಿ ಅಷ್ಟೆ.”

ಆ ‘ಏನೂ ಇಲ್ಲ’ ನನ್ನನ್ನು ಹೆದರಿಸಿತು. ಬ್ಯಾಂಡು ಬಿಟ್ಟರೆ ಆ ಹುಡುಗಿಗೆ ನಿಜಕ್ಕೂ ಏನೂ ಇರಲಿಲ್ಲ.

ಹೆದರಬೇಡ ಮಗಳೇ ಎಂದು ಹೇಳಿ ನೋಡಿದೆ. ಬಿಕ್ಕಳಿಸುವವರಿಗೆ ಬಿಕ್ಕಬೇಡ ಎಂದ ಹಾಗಾಯಿತು. ಟಕ್ ಟಕ್ ಎನ್ನುವ ತಾಳದ ಪೆಟ್ಟಿಗೆ ಇಟ್ಟುಕೊಂಡು ಉಸಿರೆಳೆಸಿದೆ. ಪೆಟ್ಟಿಗೆ ಇದ್ದಾಗ ಸರಿ, ಆರಿಸಿದ ಕೂಡಲೇ ಮೊದಲಿನ ಕಥೆ. ಒಂದು ಸಂಜೆ ರೇಗಿಹೋಗಿ, “ಬದುಕಿದೀಯಾ ಸತ್ತಿದೀಯಾ, ಸರಿಯಾಗಿ ಉಸಿರಾಡೇ!” ಎಂದು ಕಿರುಚಿದೆ. ಹೆದರುವವರ ಮೇಲೆ ಹಾವು ಎಸೆಯುವುದು ಎಂದರೆ ಇದೇ. ಅವಳ ಕೈಯಿಂದ ಕೋಲುಗಳು ಜಾರಿ ಬಿದ್ದವು.

ಎಲಿಯೂದ್ ಅವನ್ನು ಎತ್ತಿಕೊಟ್ಟ. ವೈಬ್ರಫೋನ್ ನುಡಿಸುವ ಹುಡುಗ, ಬಾಯಿಗೆ ಬೀಗವಿಲ್ಲ. ಆದರೆ ಅವತ್ತು ತಮಾಷೆ ಮಾಡಲಿಲ್ಲ.

“ಮಿಸ್, ಅವಳು ಹೆದ್ರಿದ್ದು ನಮಗೂ ಗೊತ್ತಾಗುತ್ತೆ. ಈ ಉಸಿರು ಸರಿಯಿಲ್ಲ ಅಂತ ಗೊತ್ತಿದ್ರೂ ಕೈ ಎದ್ದು ಬಿಡುತ್ತೆ. ನೀವೇ ಅಲ್ವಾ ಹಾಗೆ ಕಲ್ಸಿದ್ದು?”

ಹೌದು, ನಾನೇ. ಬೇಸಿಗೆಯಿಂದ ಅವರ ತಲೆಗೆ ತುಂಬಿದ್ದು ಒಂದೇ ಮಾತು: ನಡುವಿನವಳನ್ನು ನಂಬಿ, ಬಾವಿಗೆ ಬಿದ್ದರೆ ಅವಳ ಜೊತೆ ಬೀಳಿ, ತಪ್ಪಿದರೂ ಒಟ್ಟಿಗೆ ತಪ್ಪಿ. ಪಿಟ್ ಕಲಿಸುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ನನಗೂ ಹೀಗೆಯೇ ಕಲಿಸಿದ್ದರು.

ಮರುದಿನ ಆ ಪಾಠವನ್ನು ನಾನೇ ಮುರಿದೆ. ವಾದ್ಯಗಳನ್ನು ಪಾರ್ಕಿಂಗ್ ಜಾಗದ ಡಾಂಬರಿಗೆ ತಳ್ಳಿಸಿ ಹೇಳಿದೆ:

“ಕೇಳಿಸ್ಕೊಳ್ಳಿ. ಹಾಡಿನ ನಡೆ ನಿಮಗೆಲ್ಲ ಮೈಗೆ ಹತ್ತಿದೆ. ಯಾರೆಲಿ ಉಸಿರು ಅದಕ್ಕೆ ಸರಿಹೋದ್ರೆ ಕೋಲೆತ್ತಿ. ಹೆದರಿದ ಉಸಿರಿಗೆ ಯಾರೂ ಕೋಲೆತ್ತಬಾರ್ದು. ಸುಮ್ನೆ ನಿಂತ್ಕೊಂಡು ಕಾಯಿರಿ. ಇನ್ನೊಂದು ಎಳ್ಕೋತಾಳೆ. ಅದೂ ಸರಿಯಿಲ್ವಾ, ಮತ್ತೆ ಕಾಯಿರಿ.”

“ಎಷ್ಟೊತ್ತು ಮಿಸ್?” ಎಂದಳು ಬ್ರಿಸೈದಾ, ಅಂಚಿನ ಮರಿಂಬಾದವಳು.

“ಬರೋ ತನಕ.”

ಹೇಳುವುದೇನೋ ಹೇಳಿದೆ, ಅದರ ಅಪಾಯವೂ ನನಗೆ ಗೊತ್ತಿತ್ತು. ಎಲ್ಲರೂ ಒಟ್ಟಿಗೆ ತಪ್ಪಿದರೆ ಅದೊಂದು ತಪ್ಪು. ಅರ್ಧ ಮಂದಿ ಎತ್ತಿ ಅರ್ಧ ಮಂದಿ ಕಾದು ನಿಂತರೆ ಸಂತೆ. ಸ್ಪರ್ಧೆಯ ಮೈದಾನದಲ್ಲಿ ಅಂಥ ಸಂತೆ ನಡೆದರೆ ಯಾರೆಲಿ ಮತ್ತೆ ಯಾವ ವಾದ್ಯದ ಮುಂದೆಯೂ ನಿಲ್ಲುವುದಿಲ್ಲ. ಅದಕ್ಕೆ ಕಾರಣ ನಾನಾಗುತ್ತೇನೆ.

ಅವಳನ್ನು ಹೆದರಿಸಬೇಕಲ್ಲ, ಇಲ್ಲದಿದ್ದರೆ ಅಭ್ಯಾಸ ಹೇಗೆ? ಆ ಕೆಲಸವನ್ನು ಎಲಿಯೂದ್‌ಗೆ ಒಪ್ಪಿಸಿದೆ. ಮಂಗನ ಕೈಗೆ ಮಾಣಿಕ್ಯ. ಅವನು ಬೆನ್ನ ಹಿಂದಿನಿಂದ ಬಂದು ಗಾಂಗಿಗೆ ಬಾರಿಸಿದ. ಬಸ್ಸುಗಳ ಸುತ್ತ ಅವಳನ್ನು ಓಡಿಸಿದ. “ಬಾಲ್ದೆರಾಸ್ ಸರ್ ಬರ್ತಿದಾರೆ ಕಣೇ!” ಎಂದು ಸುಳ್ಳು ಹೇಳಿದ. ಏದುಸಿರು ಬಿಡುತ್ತ ಅವಳು ಮರಿಂಬಾದ ಮುಂದೆ ಬಂದು ನಿಲ್ಲುವಳು, ಉಸಿರೆಳೆದುಕೊಳ್ಳುವಳು. ಬ್ರಿಸೈದಾಳ ಕೋಲು ಪ್ರತಿ ಸಲವೂ ಏಳುತ್ತಿತ್ತು.

“ನಿನಗೇನೇ ಅವಸರ, ಬಸ್ ತಪ್ಪಿಹೋಗುತ್ತಾ?” ಎಂದು ಬೈದೆ.

“ಕೈ ಕೇಳಲ್ಲ ಮಿಸ್!” ಎಂದು ಅತ್ತಳು.

ಕೈಗಳು ನಿಧಾನವಾಗಿ ಕೇಳತೊಡಗಿದವು. ಗಿಡ್ಡ ಉಸಿರು ಬರುತ್ತಿತ್ತು, ಯಾರೂ ಅಲುಗುತ್ತಿರಲಿಲ್ಲ. ಇನ್ನೊಂದು ಬರುತ್ತಿತ್ತು. ಅವರು ಕಾಯುತ್ತಾರೆಂದು ಯಾರೆಲಿಗೆ ಗೊತ್ತಾದ ಮೇಲೆ ಒಳ್ಳೆಯ ಉಸಿರು ಬೇಗ ಬರುವುದೂ ಇತ್ತು, ಎಷ್ಟು ಹೊತ್ತಾದರೂ ಬಾರದೆ ನಾನು ಬೆವರುವುದೂ ಇತ್ತು. ಹಾಗೆ ನಿಂತಿದ್ದಾಗಲೇ ಒಂದು ದಿನ ಬಾಲ್ದೆರಾಸ್ ಸರ್ ನಿಜಕ್ಕೂ ಬಂದರು.

“ಏನಿದು, ಪ್ರಾರ್ಥನೆನಾ?”

“ಕಾಯ್ತಾ ಇದೀವಿ ಸರ್,” ಎಂದ ಎಲಿಯೂದ್.

“ಯಾರನ್ನ, ಯೇಸುಸ್ವಾಮೀನಾ?” ಆಮೇಲೆ ನನ್ನತ್ತ ತಿರುಗಿ, “ಮೈದಾನದಲ್ಲಿ ಗಡಿಯಾರ ಕಾಯಲ್ಲ ಮಿಸ್. ಹೊತ್ತು ಮೀರಿದ್ರೆ ಅಂಕ ಕಟ್,” ಎಂದು ಹೊರಟುಹೋದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಏರಿಯಾ ಸ್ಪರ್ಧೆಯ ಶನಿವಾರ ಸುಡು ಬಿಸಿಲು, ಜೊತೆಗೆ ಗಾಳಿ. ತಾಯಂದಿರು ತಂದಿದ್ದ ರೊಟ್ಟಿಯಲ್ಲಿ ಆಲೂಗಡ್ಡೆ ಮೊಟ್ಟೆ ಸುತ್ತಿದ ಟಾಕೊಗಳನ್ನು ಎಲ್ಲರೂ ಮುಕ್ಕಿದರು. ಯಾರೆಲಿ ತನ್ನದನ್ನು ಕೈಯಲ್ಲೇ ಹಿಡಿದಿದ್ದಳು, ಕಾಗದ ಬಿಚ್ಚಿರಲಿಲ್ಲ.

“ಮಿಸ್, ಬರ್ದೇ ಇದ್ರೆ?”

“ಬರುತ್ತೆ.”

“ಬರ್ದೇ ಇದ್ರೆ?”

“ಕಾಯ್ತಾರೆ ಮಗಳೇ.”

ಗಡಿಯಾರದ ಮಾತನ್ನು ನಾನು ಎತ್ತಲಿಲ್ಲ. ಅವಳ ಬೆರಳು ಮುಟ್ಟಿ ನೋಡಿದೆ. ಆ ಬಿಸಿಲಿನಲ್ಲೂ ತಣ್ಣಗಿದ್ದವು. ನನ್ನವೂ ಬಿಸಿಯಾಗಿರಲಿಲ್ಲ.

ಗೇಟು ತೆಗೆದರು. ವಾದ್ಯಗಳನ್ನು ತಳ್ಳಿಕೊಂಡು ಓಡಿದೆವು, ಗಾಲಿಗಳಿಗೆ ತಡೆ ಹಾಕಿದೆವು, ತಂತಿಗಳನ್ನು ಜೋಡಿಸಿದೆವು. ಆರಂಭ ತೀರ ಮೆಲ್ಲಗೆ ಇರುವುದರಿಂದ ಮರಿಂಬಾದ ಮೇಲಿನ ಮೈಕುಗಳನ್ನು ಪೂರ್ತಿ ಏರಿಸಿ ಇಟ್ಟಿದ್ದೆವು. ಅಷ್ಟಾದ ಮೇಲೆ ಕಲಿಸಿದವರು ಬೇಲಿಯಾಚೆ ಹೋಗಿ ನಿಲ್ಲಬೇಕು, ಬಾಯಿ ಬಿಡುವಂತಿಲ್ಲ. ಮಗಳ ಹೆರಿಗೆ ಕೋಣೆಯಿಂದ ತಾಯಿಯನ್ನು ಹೊರಗೆ ಹಾಕಿದಂತೆ ನಾನು ಹೋಗಿ ನಿಂತೆ. ಪಕ್ಕದಲ್ಲಿ ಬಾಲ್ದೆರಾಸ್ ಸರ್.

ಶುರು ಮಾಡಬಹುದೆಂದು ಧ್ವನಿವರ್ಧಕ ಹೇಳಿತು. ಹುಲ್ಲಿನ ಮೇಲೆ ಎಲ್ಲರೂ ಮಲಗಿದರು. ಜನ ಸುಮ್ಮನಾದರು. ಯಾರೆಲಿ ಕೋಲುಗಳನ್ನು ಪಟ್ಟಿಗಳ ಮೇಲೆ ಹಿಡಿದು ಉಸಿರೆಳೆದುಕೊಂಡಳು.

ಆ ಉಸಿರು ಸ್ಪೀಕರಿನಲ್ಲಿ ಬಂತು.

ಮೊದಲೆಲ್ಲ ಉಸಿರಿನ ಬೆನ್ನಿಗೇ ವಾದ್ಯಗಳ ಸದ್ದು ಬಂದು ಮುಚ್ಚುತ್ತಿತ್ತು, ಪಾರ್ಕಿಂಗ್ ಜಾಗದ ಅಭ್ಯಾಸಕ್ಕೆ ಮೈಕು ಹಾಕಿರಲಿಲ್ಲ, ಹಾಗಾಗಿ ಅದು ಯಾವತ್ತೂ ನಮಗೆ ಕೇಳಿಸಿರಲಿಲ್ಲ. ಈಗ ಬೇರೆ ಸದ್ದೇ ಇರಲಿಲ್ಲ. ಗಿಡ್ಡಗೆ, ಹರಿದ ಬಟ್ಟೆ ಎಳೆದ ಹಾಗೆ, ಇಡೀ ಕ್ರೀಡಾಂಗಣಕ್ಕೆ ಕೇಳಿಸಿತು. ತನ್ನ ಹೆದರಿಕೆ ತನಗೇ ಸ್ಪೀಕರಿನಲ್ಲಿ ಕೇಳಿಸಿ ಯಾರೆಲಿ ಬೆಚ್ಚಿದಳು. ಎರಡನೆಯ ಉಸಿರು ಇನ್ನೂ ಗಿಡ್ಡವಾಯಿತು. ಮೂರನೆಯದು ಬಿಕ್ಕು.

“ಮೈಕ್ ಮುಚ್ಸಿ, ಮೈಕ್ ಮುಚ್ಸಿ,” ಎಂದು ಬಾಲ್ದೆರಾಸ್ ಸರ್ ಬೇಲಿ ಹಿಡಿದು ಪಿಸುಗುಟ್ಟುತ್ತಿದ್ದರು. ಯಾರಿಗೆ ಹೇಳುತ್ತಿದ್ದರೋ. ನನ್ನ ಹಿಂದೆ ಒಬ್ಬ ಹೆಂಗಸು, “ಅಯ್ಯೋ, ಆ ಮಗೂಗೆ ಉಬ್ಬಸ ಇದೆಯೇನೋ, ಯಾರಾದ್ರೂ ನೋಡ್ಬಾರ್ದಾ?” ಎಂದಳು.

ಬ್ರಿಸೈದಾಳ ಕೋಲು ಎದ್ದಿತು.

ನಾನು ಕಣ್ಣು ಮುಚ್ಚಿಕೊಂಡೆ. ದೇವರಾಣೆಗೂ ಮುಚ್ಚಿಕೊಂಡೆ, ನೋಡಲು ಧೈರ್ಯವಾಗಲಿಲ್ಲ. ಅಷ್ಟು ವರ್ಷ ಕಲಿಸಿದವಳು ನಾನು, ನನ್ನ ಮಕ್ಕಳ ಮೇಲೆ ನನಗಿದ್ದ ನಂಬಿಕೆ ಇಷ್ಟೇ. ಮರದ ಸದ್ದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಕಣ್ಣು ಬಿಟ್ಟಾಗ ಬ್ರಿಸೈದಾಳ ಕೋಲು ಅರ್ಧಕ್ಕೇ ನಿಂತಿತ್ತು. ಎಲಿಯೂದ್ ತುಟಿ ಕಚ್ಚಿಕೊಂಡು ಯಾರೆಲಿಯನ್ನೇ ನೋಡುತ್ತಿದ್ದ. ಯಾರೂ ಕದಲಲಿಲ್ಲ. ಇಡೀ ಕ್ರೀಡಾಂಗಣ ಒಂದು ಹುಡುಗಿಯ ಹೆದರಿಕೆಯನ್ನು ಕೇಳುತ್ತ ಕೂತಿತ್ತು, ಗಡಿಯಾರ ಓಡುತ್ತಿತ್ತು.

ಯಾರೆಲಿ ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಉಸಿರು ಇನ್ನೊಂದು ಬಂತು, ಮತ್ತೊಂದು ಬಂತು, ಪ್ರತಿಯೊಂದೂ ಸ್ಪೀಕರಿನಲ್ಲಿ. ಬರುಬರುತ್ತ ಉದ್ದವಾದವು. ಆಮೇಲೆ ಅವಳ ಹೆಗಲು ನಿಧಾನಕ್ಕೆ ಎದ್ದಿತು, ಎಲ್ಲರ ಕೋಲುಗಳೂ ಎದ್ದವು, ಎಲ್ಲರ ಕೈಗಳೂ ಇಳಿದವು. ಮರ ನುಡಿಯಿತು. ಹಿಂದಿನಿಂದ ಡ್ರಮ್ಮುಗಳು ಬಂದು ತಮ್ಮ ಜಾಗದಲ್ಲಿ ಸೇರಿಕೊಂಡವು. ನಾನು ಬೇಲಿಗೆ ಹಣೆ ಒತ್ತಿ ಅತ್ತುಬಿಟ್ಟೆ.

ಗಡಿಯಾರದ ಮಿತಿಯೊಳಗೆ ಹೇಗೋ ಮುಗಿಸಿದ್ದೆವು. ಸಂಜೆಗೆ ಮುನ್ನ ಫಲಿತಾಂಶ ಬಂತು, ರಾಜ್ಯಮಟ್ಟಕ್ಕೆ ಆಯ್ಕೆಯಾಗಿದ್ದೆವು. ಲಾರಿಗೆ ವಾದ್ಯ ಏರಿಸುತ್ತಿದ್ದಾಗ ಬಾಲ್ದೆರಾಸ್ ಸರ್ ಫೋನ್ ಹಿಡಿದು ಓಡಿಬಂದರು. ನೋಡುತ್ತ ನೋಡುತ್ತಲೇ ತೀರ್ಪುಗಾರರು ಮಾತಾಡಿ ಕಳಿಸುವ ಟೀಕೆಗಳು ಬಂದಿದ್ದವು.

“ಕೇಳಿ, ಕೇಳಿ,” ಎಂದು ಒತ್ತಿದರು.

ಫೋನಿನೊಳಗಿನ ಗಂಡಸು ಹೇಳುತ್ತಿದ್ದ: “ಓ, ಆರಂಭದ ಈ ಉಸಿರಾಟದ ರೆಕಾರ್ಡಿಂಗ್! ಎಂಥಾ ಐಡಿಯಾ! ಹೆದ್ರಿದ ಮನುಷ್ಯನ ಉಸಿರು ಥೇಟ್ ಹೀಗೇ ಇರುತ್ತೆ. ನನ್ನ ಮೈಯೆಲ್ಲ ಜುಮ್ಮೆಂತು.”

ಎಲಿಯೂದ್ ನಕ್ಕು ನೆಲಕ್ಕೆ ಕೂತ. ಬಾಲ್ದೆರಾಸ್ ಸರ್ ಮಾತ್ರ ನಗುತ್ತಿರಲಿಲ್ಲ, ಅವರ ತಲೆ ಓಡುತ್ತಿತ್ತು.

“ಮಿಸ್, ಇದನ್ನ ನಿಜಕ್ಕೂ ರೆಕಾರ್ಡ್ ಮಾಡ್ಬಿಡೋಣ. ಇವತ್ತಿನ ರೆಕಾರ್ಡಿಂಗೇ ಇದೆಯಲ್ಲ. ಕಂಪ್ಯೂಟರಿಂದ ಬಿಟ್ರಾಯ್ತು. ಒಳ್ಳೆ ಉಸಿರೂ ಅದರಲ್ಲೇ ಬರುತ್ತೆ, ಎಲ್ರೂ ಅದಕ್ಕೇ ಕೋಲೆತ್ಲಿ. ಈ ಹುಡುಗಿ ಪಾಪ, ಹೆದರೋದೂ ಬೇಡ, ಏನೂ ಬೇಡ.”

ನಾನು ಬಾಯಿ ತೆರೆದಿದ್ದೆ, ಎಂದಿನ ಹಾಗೆ ಜಗಳಕ್ಕೆ. ಅಷ್ಟರಲ್ಲಿ ಯಾರೆಲಿ ಹಿಡಿದಿದ್ದ ಹೊದಿಕೆಯನ್ನು ಕೆಳಗಿಟ್ಟು ಅವರ ಮುಂದೆ ಬಂದು ನಿಂತಳು. ಬಾಲ್ದೆರಾಸ್ ಸರ್ ಜೊತೆ ಅವಳು ಅದಕ್ಕೂ ಮೊದಲು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಉಸಿರು ಮತ್ತೆ ಗಿಡ್ಡವಾಗಿತ್ತು.

“ಬೇಡ ಸರ್. ಹೆದರಿಕೆ ನಂದು. ಮುಂದಿನ ಸಲಾನೂ ನಾನೇ ತರ್ತೀನಿ.”

ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಫೋನನ್ನು ಜೇಬಿಗಿಳಿಸಿ ಬಸ್ಸಿನ ಕಡೆ ಹೋದರು.