ಮಿನಿ ಕಾರಿನ ಎಂಜಿನ್ ಇಳಿಸಿದ್ದು

ಉಮಾನಾಥರು ಮಸ್ಕತ್ತಿನಲ್ಲಿ ಇಪ್ಪತ್ತೆರಡು ವರ್ಷ ಯಂತ್ರಗಳ ಬಿಡಿಭಾಗದ ಗೋದಾಮು ನೋಡಿಕೊಂಡವರು. ಯಾವ ಬೋಲ್ಟು ಯಾವ ಕಪಾಟಿನ ಎಷ್ಟನೇ ಖಾನೆಯಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದರು. ಅದನ್ನು ತಿರುಗಿಸುವ ಪ್ರಸಂಗ ಮಾತ್ರ ಅವರಿಗೆ ಎಂದೂ ಬಂದಿರಲಿಲ್ಲ. ಊರಿಗೆ ಮರಳಿದ ಮೇಲೆ ಆ ಕೊರತೆ ನೀಗಿಸಲೆಂದು ಕಾರ್ಕಳದ ಡಾಕ್ಟರೊಬ್ಬರ ಶೆಡ್ಡಿನಲ್ಲಿದ್ದ ೧೯೬೮ರ ‘ಮಿನಿ’ ಎಂಬ ಪುಟ್ಟ ಇಂಗ್ಲಿಷ್ ಕಾರನ್ನು ಲಾರಿಗೆ ಹೇರಿಸಿ ಶಂಕರಪುರದ ಮನೆಗೆ ತಂದರು. ಕಾರು ಓಡುತ್ತಿರಲಿಲ್ಲ. ಓಡುವ ಕಾರನ್ನು ಯಾರು ಬೇಕಾದರೂ ತರುತ್ತಾರೆ ಎಂದು ಅವರೇ ಸಮಜಾಯಿಷಿ ಕೊಟ್ಟರು.

ಅವರ ಹೆಂಡತಿ ಸುಗಂಧಿ ಅಂಗಳದ ತಗಡಿನ ಚಪ್ಪರದಡಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ಈಗ ಅಲ್ಲಿ ಕಾರು ಕೂತಿತು, ಸುಗಂಧಿ ಜಗಲಿಗೆ ಹೋದಳು. ಜಗಲಿಯಲ್ಲಿ ಗಂಡ ಫೋನು ಹಿಡಿದು ಇಂಗ್ಲೆಂಡಿನ ಒಬ್ಬ ಮುದುಕನ ವಿಡಿಯೋ ನೋಡುತ್ತಿದ್ದರು. ಮಿನಿ ಕಾರಿನ ಎಂಜಿನ್ ಇಳಿಸುವುದು ಹೇಗೆಂದು ಆ ಮುದುಕ ಮಕ್ಕಳಿಗೆ ಪಾಠ ಹೇಳಿದಂತೆ ನಿಧಾನವಾಗಿ ಹೇಳುತ್ತಿದ್ದ. ದಿನಕ್ಕೆ ಎರಡು ಸಲದಂತೆ ಮೂರು ತಿಂಗಳು ಹೇಳಿದ. ಉಮಾನಾಥರು ಕಣ್ಣಿಟ್ಟು ನೋಡಿದರು. ಸುಗಂಧಿಗೆ ಕಣ್ಣು ಹೂವಿನ ಮೇಲೆ ಬೇಕಿತ್ತು, ಹಾಗಾಗಿ ಅವಳು ಬರೀ ಕೇಳಿದಳು. ಪಿಯುಸಿಯಲ್ಲಿ ಕಲಿತ ಇಂಗ್ಲಿಷಿಗೆ ಇಷ್ಟು ವರ್ಷದ ಮೇಲೆ ಒಂದು ಕೆಲಸ ಸಿಕ್ಕಿತು.

"ಇದರಲ್ಲಿ ಎಂಜಿನ್ ಎತ್ತುವುದಲ್ಲ," ಎಂದು ಉಮಾನಾಥರು ಬಂದವರಿಗೆಲ್ಲ ವಿವರಿಸುತ್ತಿದ್ದರು. "ಎಂಜಿನ್, ಗೇರ್‌ಬಾಕ್ಸ್ ಎಲ್ಲ ಒಂದು ಕಬ್ಬಿಣದ ಚೌಕಟ್ಟಿನ ಮೇಲೆ ಕೂತಿರುತ್ತದೆ. ಅದಕ್ಕೆ ಸಬ್‌ಫ್ರೇಮ್ ಅಂತ ಹೆಸರು. ಅದರ ಅಡಿಗೆ ಟ್ರಾಲಿ ಕೊಟ್ಟು, ಬೋಲ್ಟು ಬಿಚ್ಚಿ, ಕಾರನ್ನೇ ಮೇಲಕ್ಕೆ ಎತ್ತುವುದು. ಎಂಜಿನ್ ಇದ್ದಲ್ಲೇ ಉಳಿಯುತ್ತದೆ." ಕೇಳಿದವರು ತಲೆದೂಗಿ ಹೋಗುತ್ತಿದ್ದರು. ಮೂರು ತಿಂಗಳಲ್ಲಿ ಎಂಜಿನ್ ನಿಜಕ್ಕೂ ಇದ್ದಲ್ಲೇ ಉಳಿದಿತ್ತು.

ಕೊನೆಗೊಂದು ಭಾನುವಾರ ನಿಗದಿಯಾಯಿತು. ಉಡುಪಿಯಿಂದ ಬಾಡಿಗೆಗೆ ಭಾರ ಎತ್ತುವ ಚೈನ್ ಬ್ಲಾಕ್ ಬಂದು ಚಪ್ಪರದ ಕಬ್ಬಿಣದ ತೊಲೆಗೆ ನೇತಾಡಿತು. ಹಳೆಯ ಆಫೀಸು ಕುರ್ಚಿಗಳ ಚಕ್ರ ಕಿತ್ತು ಉಮಾನಾಥರು ತಾವೇ ಟ್ರಾಲಿ ಮಾಡಿದರು. ಸರಪಳಿ ಎಳೆಯಲು ಬಾಲಪ್ಪನನ್ನು ಕರೆದರು. ಕೊಪ್ಪಳದ ಕಡೆಯ ಬಾಲಪ್ಪ ಅವರ ಕಂಪೌಂಡು ಗೋಡೆ ಕಟ್ಟುತ್ತಿದ್ದವನು. ಬಿಚ್ಚಬೇಕಾದ ಮೂವತ್ತೊಂದು ವಸ್ತುಗಳ ಪಟ್ಟಿ ಉಮಾನಾಥರ ಜೇಬಿನಲ್ಲಿತ್ತು. ಹೇಗೂ ಬಿಚ್ಚಲಿಕ್ಕೇ ಉಂಟಲ್ಲ ಎಂದು ಮೂವತ್ತೊಂದಕ್ಕೂ ಶನಿವಾರವೇ ‘ಆಯಿತು’ ಎಂಬ ಗುರುತು ಹಾಕಿಟ್ಟಿದ್ದರು. ಗೋದಾಮಿನ ಶಿಸ್ತು.

ಹನ್ನೊಂದು ಗಂಟೆಗೆ ಎಲ್ಲ ಮುಗಿಯಿತು ಎಂದು ಅವರು ಘೋಷಿಸಿದಾಗ ಸುಗಂಧಿ ಜಗಲಿಯಿಂದ ಇಳಿದು ಬಂದಳು.

"ಎಂಜಿನ್ನಿನ ಮೇಲಿಂದ ಕಾರಿನ ಬಾಡಿಯವರೆಗೆ ಒಂದು ಸರಳು ಹೋಗ್ತದಲ್ವಾ, ಅದು ಬಿಚ್ಚಿ ಆಯ್ತಾ? ಎಲ್ಲರೂ ಅದನ್ನೇ ಮರೆಯುವುದು ಅಂತ ಆ ಮುದುಕ ಹೇಳ್ತಾನೆ."

"ಗುರುತು ಉಂಟು," ಎಂದು ಉಮಾನಾಥರು ಪಟ್ಟಿ ತೋರಿಸಿದರು. "ನೀನು ಹೂ ನೋಡು. ಬಾಲಪ್ಪ, ಎಳಿ."

ಬಾಲಪ್ಪ ಎಳೆದ. ಕಾರಿನ ಮೂತಿ ಮೇಲೆದ್ದಿತು. ಜೊತೆಗೆ, ಇದ್ದಲ್ಲೇ ಉಳಿಯಬೇಕಾದ ಎಂಜಿನ್ನೂ ಎದ್ದಿತು. ಸಬ್‌ಫ್ರೇಮಿನ ಹಿಂದಿನ ಅಂಚು ಟ್ರಾಲಿ ಬಿಟ್ಟು ಗೇಣು ಮೇಲೆ ನಿಂತಿತು. ಟ್ರಾಲಿಯ ಮೇಲೆ ಆಸರೆಗೆಂದು ಅಡಿಗಿಟ್ಟಿದ್ದ ಮರದ ತುಂಡು ವಾಲಿತು. ಅದನ್ನು ನೆಟ್ಟಗೆ ಮಾಡಲು ಉಮಾನಾಥರು ಬಗ್ಗಿ ಆ ಸಂದಿಗೆ ಬಲಗೈ ಹಾಕಿದರು.

"ಕೈ ತೆಗೆಯಿರಿ," ಎಂದಳು ಸುಗಂಧಿ.

ಅವರು ಕೈ ತೆಗೆಯುವ ಬದಲು ಎಡಗೈಯಲ್ಲಿದ್ದ ಪಟ್ಟಿಯನ್ನು ನೋಡಿದರು. ಆಕೆ ಅವರ ಮೊಣಕೈ ಹಿಡಿದು ಜಗ್ಗಿದಳು. ಉಮಾನಾಥರು ನೆಲಕ್ಕೆ ಕೂತ ಹೊತ್ತಿಗೆ ಟ್ರಾಲಿ ಹಿಂದಕ್ಕೆ ಉರುಳಿ, ಎಂಜಿನ್ ಓರೆಯಾಗಿ, ಸಬ್‌ಫ್ರೇಮಿನ ಅಂಚು ಆ ಮರದ ತುಂಡನ್ನು ಎರಡು ಸೀಳು ಮಾಡಿತು.

ಉಮಾನಾಥರು ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದರು. ಐದೂ ಇದ್ದವು. ಸುಗಂಧಿಗೆ ಅಳು ಬರುವಂತಿತ್ತು. ಅದಕ್ಕಿಂತ ಮೊದಲು ಸಿಟ್ಟು ಬಂದದ್ದರಿಂದ ಅಳು ತಡೆಯಿತು.

"ಅಕ್ಕಾರ, ಈಗೇನ್ ಮಾಡೂದ್ರಿ?" ಎಂದ ಬಾಲಪ್ಪ, ಸರಪಳಿ ಹಿಡಿದುಕೊಂಡೇ. ಕೇಳಿದ್ದು ಅಕ್ಕನನ್ನು, ಸರ್ ಅವರನ್ನಲ್ಲ.

"ಮೊದಲು ಗೋಡೆಗೆಂದು ತರಿಸಿದ ಕೆಂಪು ಕಲ್ಲು ತಂದು ಅಡಿಗೆ ಕೊಡು. ಆಮೇಲೆ ಮೆಲ್ಲ ಇಳಿಸು. ಸರಳು ಸಡಿಲ ಆಗಲಿ."

ಬಾಲಪ್ಪ ನಾಲ್ಕು ಕಲ್ಲು ಒಟ್ಟಿದ, ಸರಪಳಿ ಇಳಿಸಿದ. ಭಾರ ಕಲ್ಲಿನ ಮೇಲೆ ಕೂತಿತು. ಸುಗಂಧಿ ಬಾನೆಟ್ಟಿನೊಳಗೆ ಬಗ್ಗಿ ಅರ್ಧ ಇಂಚಿನ ಸ್ಪ್ಯಾನರ್ ಕೇಳಿದಳು. ಉಮಾನಾಥರು ಮೊದಲ ಸಲಕ್ಕೇ ಸರಿಯಾದದ್ದನ್ನು ಕೊಟ್ಟರು. ಅದೊಂದರಲ್ಲಿ ಅವರನ್ನು ಮೀರಿಸಿದವರಿಲ್ಲ. ಸರಳಿನ ತುಕ್ಕು ಹಿಡಿದ ಬೋಲ್ಟು ಹತ್ತು ನಿಮಿಷ ಸತಾಯಿಸಿ ಬಿಟ್ಟಿತು. ಟ್ರಾಲಿಯನ್ನು ಮತ್ತೆ ಅಡಿಗೆ ಕೊಟ್ಟು ಬಾಲಪ್ಪ ಪುನಃ ಎಳೆದ. ಈ ಸಲ ಕಾರೊಂದೇ ಮೇಲೆ ಹೋಯಿತು.

ಎಂಜಿನ್ನನ್ನು ಹಿಂದಿನ ಕೋಣೆಗೆ ಸಾಗಿಸಬೇಕಿತ್ತು. ಕುರ್ಚಿಯ ಚಕ್ರಗಳು ಅಂಗಳದ ಮಣ್ಣಿನಲ್ಲಿ ಎರಡು ಅಡಿ ಹೋಗಿ ಹೂತುಕೊಂಡವು. ಏರ್‌ಕಂಡೀಶನ್ ಆಫೀಸಿನಲ್ಲಿ ಬೆಳೆದ ಚಕ್ರಗಳು, ಅವುಗಳ ತಪ್ಪೇನಿಲ್ಲ.

"ಇದೇನ್ ಭಾರ ಬಿಡ್ರಿ," ಎಂದ ಬಾಲಪ್ಪ. "ನಮ್ ಕಡೆ ಕಲ್ಲಿನ ಚಪ್ಪಡಿ ಹಿಂಗ ಸಾಗಸ್ತೀವಿ." ನೆಲಕ್ಕೆ ಎರಡು ಹಲಗೆ ಹಾಸಿ, ಮೇಲೆ ಪೈಪಿನ ತುಂಡುಗಳನ್ನು ಅಡ್ಡ ಇಟ್ಟ. ಸಬ್‌ಫ್ರೇಮನ್ನು ಟ್ರಾಲಿಯಿಂದ ಅವುಗಳ ಮೇಲೆ ಜಾರಿಸಿ ಬಾಲಪ್ಪ ನೂಕಿದ. ಹಿಂದೆ ಉಳಿದ ಪೈಪನ್ನು ಸುಗಂಧಿ ಎತ್ತಿ ಮುಂದಿಟ್ಟಳು. ಉಮಾನಾಥರು ಪಕ್ಕದಲ್ಲಿ ನಡೆಯುತ್ತ, "ಮೆಲ್ಲ, ಮೆಲ್ಲ," ಎಂದು ಸಹಕರಿಸಿದರು. ಊಟದ ಹೊತ್ತಿಗೆ ಎಂಜಿನ್ ಕೋಣೆ ಸೇರಿತು.

ಮರುದಿನ ಇಬ್ಬರೂ ಸ್ಕೂಟರಿನಲ್ಲಿ ಚೈನ್ ಬ್ಲಾಕ್ ಮರಳಿಸಲು ಉಡುಪಿಗೆ ಹೋದರು. ಬಾಡಿಗೆ ಅಂಗಡಿಯ ಇಮ್ಯಾನುಯೆಲ್, "ಇಳಿಯಿತಾ ಎಂಜಿನ್? ಮೆಕ್ಯಾನಿಕ್ ಯಾರು ಸಿಕ್ಕಿದ್ದು?" ಎಂದು ಕೇಳಿದ.

ಉಮಾನಾಥರು ಹೆಂಡತಿಯ ಕಡೆ ಕೈ ತೋರಿಸಿ, "ಇವಳು," ಎಂದರು.

ಇಮ್ಯಾನುಯೆಲ್ ನಕ್ಕ. ಉಮಾನಾಥರು ನಗಲಿಲ್ಲ. "ನಾನು ಕೈ ಸಿಕ್ಕಿಸಿಕೊಳ್ಳಲಿಕ್ಕಿದ್ದೆ ಮಾರಾಯ. ಇವಳೇ ಎಳೆದದ್ದು, ಇವಳೇ ಬಿಚ್ಚಿದ್ದು," ಎಂದರು.

ಮದುವೆಯಾಗಿ ಇಷ್ಟು ವರ್ಷಕ್ಕೆ ಇಂಥ ಮಾತನ್ನು ಸುಗಂಧಿ ಕೇಳಿದ್ದು ಇದೇ ಮೊದಲು. ಅವಳು ಇಮ್ಯಾನುಯೆಲ್‌ನ ಕಡೆ ತಿರುಗಿದಳು.

"ಬರುವ ಭಾನುವಾರ ಇದನ್ನು ಯಾರಿಗೂ ಕೊಡಬೇಡಿ. ಕಾರಿನ ಹಿಂದುಗಡೆ ಇನ್ನೊಂದು ಸಬ್‌ಫ್ರೇಮ್ ಉಂಟು."

"ಹಿಂದೆಯೂ ಉಂಟಾ?" ಎಂದರು ಉಮಾನಾಥರು.